ಅಜ್ಜಾರು ಉಂಡ್ರೇನು?

ನನ್ನ ಮಗಳು ಕನ್ನಡದಲ್ಲಿ ಮಾತಾಡಲು ಕಲಿತದ್ದು ಒಂದು ಓತಿಕ್ಯಾತದ ಜೊತೆ. ತಮಾಷೆಗೆ ಹೇಳುತ್ತಿಲ್ಲ. ಕ್ರೈಸ್ಟ್‌ಚರ್ಚ್‌ನ ರಿಕ್ಕರ್ಟನ್‌ನಲ್ಲಿ ಹುಟ್ಟಿ ಬೆಳೆದ ತನ್ವಿಗೆ ಕನ್ನಡ ಕಲಿಸಲು ನಾವು, ಮೈಸೂರಿನ ಗಂಡ ಹೆಂಡತಿ, ಪಟ್ಟ ಪಾಡು ಅಷ್ಟಿಷ್ಟಲ್ಲ. ಭಾನುವಾರದ ಕನ್ನಡ ಕ್ಲಾಸು, ಅಜ್ಜಿಯ ಜೊತೆ ವಿಡಿಯೊ ಕಾಲು, ಕನ್ನಡದಲ್ಲಿ ಕೇಳಿದರೆ ಮಾತ್ರ ಐಸ್‌ಕ್ರೀಮು ಎಂಬ ಲಂಚ, ಎಲ್ಲ ಆಯಿತು. ಅವಳಿಗೆ ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತಿತ್ತು. ಅಂಥವಳು ಈಗ ಕನ್ನಡ ಮಾತಾಡುತ್ತಾಳೆ, ಅದೂ ಗದಗಿನ ಕಡೆಯ ಕನ್ನಡ. ಮೊನ್ನೆ ನನ್ನ ಅಕ್ಕ ಮೈಸೂರಿನಿಂದ ಫೋನ್ ಮಾಡಿ, "ಇದೇನೋ, ನಿನ್ನ ಮಗಳು ಆತ್ರಿ, ಹೋತ್ರಿ ಅಂತಾಳೆ, ಯಾವ ಮೇಷ್ಟ್ರನ್ನ ಇಟ್ಟಿದ್ದೆ?" ಎಂದು ಕೇಳಿದಳು.

ಆ ಮೇಷ್ಟ್ರು ನಮ್ಮ ಪಕ್ಕದ ಮನೆಯ ಆಪಾ. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೂ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ವಯಸ್ಸಿನ ಲೆಕ್ಕದಲ್ಲಿ ತನ್ವಿಗೆ ಅವರು ಆಂಟಿಯೋ ಅಜ್ಜಿಯೋ ಆಗಬೇಕಿತ್ತು. ಆದರೆ ನನಗೂ, ನನ್ನ ಹೆಂಡತಿಗೂ, ಮಗಳಿಗೂ, ಇಲ್ಲಿ ಡೈರಿ ಎಂದು ಕರೆಯುವ ಮೂಲೆಯ ಕಿರಾಣಿ ಅಂಗಡಿಯ ಗುಜರಾತಿ ಮುದುಕನಿಗೂ ಅವರು ಆಪಾ, ಅಂದರೆ ಅಕ್ಕ.

ಗದಗಿನವರು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಿ, ಕೆಲಕಾಲ ಸೌದಿಯಲ್ಲಿದ್ದು, ಆಮೇಲೆ ಇಲ್ಲಿಗೆ ಬಂದು, ನಿವೃತ್ತಿಯಾಗುವವರೆಗೂ ವಯಸ್ಸಾದವರ ವಾರ್ಡಿನಲ್ಲಿ ಕೆಲಸ ಮಾಡಿದರು. ಗಂಡ ತೀರಿಕೊಂಡಿದ್ದರು. ಮಗಳು, ಅಳಿಯನ ಜೊತೆ ನಮ್ಮ ಬೇಲಿಯ ಆಚೆಗಿನ ಮನೆಯಲ್ಲಿದ್ದರು. ಗಿಡ್ಡ ಆಳು, ಅಗಲ ಅಂಗೈ, ತಲೆಯ ಮೇಲೆ ಸದಾ ಬೂದು ಬಣ್ಣದ ಸ್ಕಾರ್ಫ್, ಕಾಲಿಗೆ ವಾರ್ಡಿನ ಕಾಲದ ಬಿಳಿ ಬೂಟು. ಬೇಲಿಯ ಒಂದು ಹಲಗೆ ಈ ಊರಿನ ದೊಡ್ಡ ಭೂಕಂಪದ ಕಾಲದಲ್ಲೇ ಕಳಚಿಕೊಂಡಿತ್ತಂತೆ. ಅದನ್ನು ಸರಿಮಾಡಿಸಲು ನಾನು ಹೊರಟಾಗಲೆಲ್ಲ, "ಇರಲಿ ಬಿಡ್ರಿ ತಮ್ಮಾ, ಅಲ್ಲಿಂದನ ಬರಾಕ ಸಸಾರ ಆಗ್ತೈತಿ" ಎಂದು ತಡೆಯುತ್ತಿದ್ದರು. ಮುಂಬಾಗಿಲಿಗೆ ಅವರು ಬಂದದ್ದು ನನಗೆ ನೆನಪಿರುವಂತೆ ಒಂದೇ ಸಲ. ಆ ಮಾತು ಮುಂದೆ ಬರುತ್ತದೆ.

ಅವರ ಮನೆಮಾತು ಉರ್ದು. ವಾರ್ಡಿನಲ್ಲಿ ಇಂಗ್ಲಿಷು. ಆದರೆ ಯಾರಿಗಾದರೂ ಉಣ್ಣಿಸಲು ಕೂತರೆ ಬಾಯಲ್ಲಿ ಬರುತ್ತಿದ್ದದ್ದು ಕನ್ನಡ. ಇದೇಕೆ ಹೀಗೆ ಎಂದು ಒಮ್ಮೆ ಕೇಳಿದೆ.

"ನಾ ಮೊದಲ ಉಣ್ಣಿಸಿದ್ದು ಹುಬ್ಬಳ್ಳಿಯೊಳಗ ಒಬ್ಬಾಕಿ ಮುದುಕಿಗ್ರೀ. ಆಕಿ ಜೋಡಿ ಕನ್ನಡ ಮಾತಾಡಕೋತ ಉಣ್ಣಿಸಿದೆ. ಕೈಗೆ ಅದ ರೂಢಿ ಆತು. ಈಗ ಬ್ಯಾರೆ ಮಾತು ಆಡಿದ್ರ ಚಮಚಾ ನಡಗ್ತೈತಿ."

ಹಾಗಾಗಿ ಕ್ರೈಸ್ಟ್‌ಚರ್ಚ್‌ನ ಆ ವಾರ್ಡಿನಲ್ಲಿ ಎಷ್ಟೋ ಜನ ಬಿಳಿಯ ಅಜ್ಜ ಅಜ್ಜಿಯರು "ಉಣ್ರಿ, ಇನ್ನೊಂದು ತುತ್ತು ಉಣ್ರಿ" ಎಂಬುದನ್ನು ಕೇಳುತ್ತ ಹಿಸುಕಿದ ಆಲೂಗಡ್ಡೆ ತಿಂದಿದ್ದಾರೆ. ಕುರಿ ಸಾಕಿ ಮುದುಕನಾದ, ಈ ನಾಡಿನವನೇ ಆದ ಒಬ್ಬ ರೈತ ಮಾತ್ರ ಆ ಪದವನ್ನು ಹಿಡಿದುಬಿಟ್ಟಿದ್ದ. ಆಪಾ ಚಹಾ ಕಪ್ಪು ಕೈಗೆತ್ತಿಕೊಂಡ ಕೂಡಲೇ ಮಂಚದಿಂದಲೇ "ಉನ್ರಿ, ಉನ್ರಿ" ಎಂದು ಕೂಗುತ್ತಿದ್ದನಂತೆ. ಅವನನ್ನು ನೆನೆದರೆ ಆಪಾ ನಗುತ್ತಿದ್ದರು, ಹಿಂದೆಯೇ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಇನ್ನು ಓತಿಕ್ಯಾತದ ವಿಷಯ. ತನ್ವಿ ಚಿಕ್ಕವಳಿದ್ದಾಗ ನಾಯಿ ಬೇಕು ಎಂದು ಹಟ ಹಿಡಿದಳು. ಬಾಡಿಗೆ ಮನೆ, ಮಾಲೀಕ ಒಪ್ಪಲಿಲ್ಲ. ಕೊನೆಗೆ ಗಾಜಿನ ಪೆಟ್ಟಿಗೆಯಲ್ಲಿ ಇರುವಂಥದ್ದಾದರೆ ಆದೀತು ಎಂದ. ಹಾಗೆ ಬಂದದ್ದು ಬಿಯರ್ಡೆಡ್ ಡ್ರ್ಯಾಗನ್. ಮೊಳದುದ್ದ, ಮರಳಿನ ಬಣ್ಣ, ಗಂಟಲ ಕೆಳಗೆ ಮುಳ್ಳು ಮುಳ್ಳಾದ ಗಡ್ಡ. ಸಿಟ್ಟು ಬಂದರೆ ಆ ಗಡ್ಡ ಕಪ್ಪಾಗುತ್ತದೆ. ತನ್ವಿ ಅದಕ್ಕೆ ಚಟ್ನಿ ಎಂದು ಹೆಸರಿಟ್ಟಳು. ಮೊಟ್ಟೆಯನ್ನೂ ಒಳಗೆ ತಾರದ ನಮ್ಮ ಮನೆಯಲ್ಲಿ, ಫ್ರಿಜ್ಜಿನ ಮೇಲೆ, ಚಟ್ನಿಗೆಂದು ಜೀವಂತ ಮಿಡತೆಗಳ ಡಬ್ಬಿ ಬಂದು ಕೂತಿತು. ನನ್ನ ಹೆಂಡತಿ ಆ ದಿಕ್ಕಿಗೆ ನೋಡದೆ ಹಾಲು ತೆಗೆಯುವುದನ್ನು ರೂಢಿಸಿಕೊಂಡಳು.

ಆಪಾ ಮೊದಲ ಸಲ ಅದನ್ನು ನೋಡಿದಾಗ ಬಾಗಿಲಲ್ಲೇ ನಿಂತರು. "ನಮ್ಮ ಓಣಿಯಾಗ ಇದನ್ನ ಕಂಡ್ರ ಹುಡುಗರು ಕಲ್ಲು ಹುಡುಕತಿದ್ರು" ಎಂದರು. ಅಷ್ಟರಲ್ಲಿ ಚಟ್ನಿ ಮುಂಗಾಲೊಂದನ್ನು ಮೆಲ್ಲಗೆ ಎತ್ತಿ, ಗಾಳಿಯಲ್ಲಿ ತಿರುಗಿಸಿ, ಕೆಳಗಿಟ್ಟಿತು. ಈ ಜಾತಿಯ ಪ್ರಾಣಿಗಳು ಹಾಗೆ ಮಾಡುತ್ತವೆ, ನಿನ್ನ ತಂಟೆಗೆ ಬರುವುದಿಲ್ಲ ಎಂದು ತಿಳಿಸಲು. ಆಪಾ ತಮ್ಮ ಕೈಯನ್ನೂ ಹಣೆಗೆ ಮುಟ್ಟಿಸಿ, "ವಾಲೇಕುಂ ಸಲಾಮ್" ಎಂದರು. ಸ್ನೇಹವಾಯಿತು.

ವರ್ಷಗಳು ಕಳೆದು ಚಟ್ನಿಗೆ ವಯಸ್ಸಾದಾಗ ಆ ಸ್ನೇಹಕ್ಕೆ ಮರ್ಯಾದೆಯೂ ಸೇರಿತು. "ಗಡ್ಡ ಬಿಟ್ಟಾರ, ಮೊಳಕಾಲು ಹಿಡದಾವ. ಇನ್ನ ಅವಂಗ ಬಾ ಹೋಗು ಅನಬಾರದು" ಎಂದು ಅವರೇ ತೀರ್ಮಾನಿಸಿದರು. ಅಂದಿನಿಂದ ಅದು ಅಜ್ಜಾರು.

ತನ್ವಿ ವಿಶ್ವವಿದ್ಯಾಲಯ ಸೇರಿದ ವರ್ಷ, ಜುಲೈ ರಜೆಯಲ್ಲಿ, ಅಕ್ಕನ ಮಗನ ಮದುವೆಗೆಂದು ನಾವು ಮೂವರೂ ಮೈಸೂರಿಗೆ ಹೊರಟೆವು. ಅಜ್ಜಾರನ್ನು ಯಾರ ಬಳಿ ಬಿಡುವುದು ಎಂಬ ಪ್ರಶ್ನೆಯೇ ಏಳಲಿಲ್ಲ. ಗಾಜಿನ ಪೆಟ್ಟಿಗೆ ಅವರ ಮನೆಗೆ ಹೋಯಿತು. ಬಿಸಿಯ ದೀಪ ಯಾವುದು, ಬಿಸಿಲಿನ ಬದಲಿಗೆ ಉರಿಯುವ ಟ್ಯೂಬ್ ಯಾವುದು, ಸೊಪ್ಪು ಎಷ್ಟು, ಮಿಡತೆ ಎಷ್ಟು, ಎಲ್ಲವನ್ನೂ ತನ್ವಿ ತೋರಿಸಿದಳು. ಒಂದನ್ನು ಬಿಟ್ಟು.

ಚಟ್ನಿ ದೀಪದ ಕೆಳಗೆ ಕಲ್ಲಿನ ಮೇಲೆ ಕೂತು, ಮೈ ಚೆನ್ನಾಗಿ ಕಾದ ಮೇಲೆ, ಬಾಯಿ ಅಗಲಿಸಿ ಸುಮ್ಮನೆ ಇರುತ್ತದೆ. ಅದಕ್ಕೆ ಬೆವರುವುದು ಗೊತ್ತಿಲ್ಲ, ಹೆಚ್ಚಾದ ಬಿಸಿ ಬಾಯಿಂದ ಹೋಗಬೇಕು. ಬಾಯಿ ತೆಗೆದಿದೆ ಎಂದರೆ ಆರಾಮವಾಗಿದೆ ಎಂದರ್ಥ. ಚಿಕ್ಕಂದಿನಿಂದ ಅದನ್ನು ನೋಡಿಕೊಂಡು ಬಂದ ತನ್ವಿಗೆ ಇದು ಹೇಳಬೇಕಾದ ವಿಷಯ ಎಂದೇ ಹೊಳೆಯಲಿಲ್ಲ.

ಆಪಾ ಅದನ್ನು ಕಂಡರು. ಬಾಯಿ ತೆಗೆದು ಕೂತ ಮುದುಕ, ತಲೆಯ ಮೇಲೆ ಉರಿಯುವ ದೀಪ. ನಮ್ಮ ಕಡೆ ಯಾರನ್ನು ಬೇಕಾದರೂ ಕೇಳಿ, ಇದಕ್ಕೆ ಒಂದೇ ಉತ್ತರ: ಉಷ್ಣ ಆಗಿದೆ. ಕಣ್ಣು ಉರಿದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಮಾವಿನಹಣ್ಣು ತಿಂದರೆ ಉಷ್ಣ. ನಾನು ಫಾರ್ಮಸಿ ಓದಿದವನು, ಔಷಧದ ಅಂಗಡಿಯಲ್ಲಿ ನಿಂತು ಜೀವನ ಮಾಡುವವನು, ಆದರೂ ಮನೆಯಲ್ಲಿ ಮೂಗಿಂದ ರಕ್ತ ಬಂದರೆ ಮೊದಲು ಮಜ್ಜಿಗೆ ಹುಡುಕುತ್ತೇನೆ. ಆಪಾ ಇಷ್ಟು ವರ್ಷ ಇಂಗ್ಲಿಷ್ ಔಷಧಿಯ ನಡುವೆ ದುಡಿದವರು, ಅವರೂ ಅದನ್ನೇ ಮಾಡಿದರು. ದೀಪ ಆರಿಸಿದರು. ಸೌತೆಕಾಯಿ ಹೋಳು ಕೊಟ್ಟರು. ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟರು. ಬಾಯಿ ಮುಚ್ಚಿತು. ಗುಣವಾಯಿತು ಎಂದುಕೊಂಡರು.

ಕ್ರೈಸ್ಟ್‌ಚರ್ಚ್‌ನ ಜುಲೈ. ಇಲ್ಲಿ ಅದು ನಡು ಚಳಿಗಾಲ, ಹೊರಗೆ ಹುಲ್ಲೆಲ್ಲ ಬೆಳ್ಳಗೆ ಹಿಮಗಟ್ಟುವ ಕಾಲ. ಈ ಪ್ರಾಣಿಗಳಿಗೆ ಮೈಯೊಳಗೆ ಸ್ವಂತ ಬಿಸಿ ಇಲ್ಲ, ದೀಪವೇ ಅವುಗಳ ಜಠರಾಗ್ನಿ. ದೀಪವಿಲ್ಲದೆ ತಿಂದದ್ದು ಹೊಟ್ಟೆಯಲ್ಲೇ ಉಳಿಯಿತು. ಅಜ್ಜಾರ ಮೈ ಕಪ್ಪಾಯಿತು, ಕಣ್ಣು ಮುಚ್ಚಿಕೊಂಡವು.

ನಾವು ವಿಮಾನ ನಿಲ್ದಾಣದಿಂದ ಬಂದು ಸೂಟ್‌ಕೇಸುಗಳನ್ನು ಇನ್ನೂ ಒಳಗೆ ತಂದಿರಲಿಲ್ಲ. ಆಪಾ ಬೇಲಿಯ ಸಂದಿಯಿಂದ ಬರಲಿಲ್ಲ. ರಸ್ತೆ ಸುತ್ತಿಕೊಂಡು ಬಂದು ಮುಂಬಾಗಿಲಲ್ಲಿ ನಿಂತರು.

"ತನ್ವಿ ಎಲ್ಲಿದ್ದಾಳ್ರಿ? ಆಕಿಗೇ ಹೇಳಬೇಕು" ಎಂದರು. ಅವಳು ಬಂದಳು. "ಅಜ್ಜಾರು ಉಣ್ಣವಲ್ರು ಬೇಟಾ. ತಪ್ಪು ನಂದು. ಉಷ್ಣ ಅಂತ ತಿಳದು ಲೈಟ್ ತಗದೆ. ಇವತ್ತ ಮುಂಜಾನೆ ಡಾಕ್ಟರಗ ಫೋನ್ ಮಾಡಿದಾಗ ಗೊತ್ತಾತು. ಈಗ ಲೈಟ್ ಹಚ್ಚೀನಿ."

ನಿಮಗೆ ಹೇಗೆ ಗೊತ್ತಾಗಬೇಕು ಎಂದಾಗಲಿ, ವಯಸ್ಸಾಗಿತ್ತಲ್ಲ ಎಂದಾಗಲಿ ನಾನು ಬಾಯಿ ಹಾಕುವಷ್ಟರಲ್ಲಿ ಕೈ ಎತ್ತಿ ತಡೆದರು. ಮಾಡಿದ ತಪ್ಪನ್ನು ಅದು ಯಾರಿಗೆ ಆಯಿತೋ ಅವರ ಮುಂದೆ, ಪೂರ್ತಿ, ಮೊದಲ ಮಾತಿಗೇ ಹೇಳಬೇಕು ಎಂಬುದು ವಾರ್ಡಿನಲ್ಲಿ ಅವರು ಪಾಲಿಸಿದ ರೀತಿ. ಆ ದಿನ ಅದು ನನ್ನ ಬಾಗಿಲಲ್ಲಿ ನಡೆಯಿತು. ಸುಳ್ಳೇ ಸಮಾಧಾನ ಹೇಳುವುದರಲ್ಲಿ ಪಳಗಿದ ನನಗೆ ಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ತನ್ವಿ ಅವರ ಮುಖ ನೋಡಲಿಲ್ಲ. ನನ್ನ ಕಡೆ ತಿರುಗಿ, "ಶೀ ಟರ್ನ್ಡ್ ಆಫ್ ಹಿಸ್ ಸನ್, ಡ್ಯಾಡ್" ಎಂದಳು, ಅವನ ಸೂರ್ಯನನ್ನೇ ಆರಿಸಿಬಿಟ್ಟರು ಎಂದು. ಪಕ್ಕದ ಮನೆಗೆ ಹೋಗಿ ಚಟ್ನಿಯನ್ನು ಎದೆಗೆ ಅವುಚಿಕೊಂಡು ಬಂದಳು.

ಪ್ರಾಣಿಗಳ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ವಯಸ್ಸಾದ ಜೀವ, ಏನೂ ಹೇಳಲಾರೆ ಎಂದರು. ಬೆಚ್ಚಗಿಡಿ, ಉಗುರು ಬೆಚ್ಚಗಿನ ನೀರಿನಲ್ಲಿ ಕೂರಿಸಿ, ಹೊಟ್ಟೆ ಸಡಿಲಾದರೆ ಉಳಿಯುತ್ತದೆ. ಆಗದಿದ್ದರೆ ವಾರದ ಕೊನೆಗೆ ಕರೆತನ್ನಿ, ನೋವಾಗದಂತೆ ಕೊನೆಯ ನಿದ್ದೆಗೆ ಮಲಗಿಸೋಣ.

ಮರುದಿನ ಆಪಾ ಬೇಲಿ ದಾಟಿ ಬಂದು ಹಿಂಬಾಗಿಲ ಹೊರಗೆ ನಿಂತರು. "ನಾ ಮುಟ್ಟಂಗಿಲ್ಲ. ಕುಂತು ನೋಡಲೇನು?" ಎಂದು ಅವಳನ್ನು ಕೇಳಿದರು. ತನ್ವಿ ಬಾಗಿಲನ್ನು ತೆರೆದೇ ಬಿಟ್ಟು ಒಳಗೆ ಹೋದಳು. ಅವರು ಒಳಗೆ ಬಂದು ನೆಲದ ಮೇಲೆ ಕೂತರು. ಅದರ ಮರುದಿನವೂ ಹಾಗೆಯೇ. ನನ್ನ ಹೆಂಡತಿ ಚಹಾ ಕೊಟ್ಟರೆ ಕುಡಿಯುತ್ತಿದ್ದರು, ಕಣ್ಣು ಮಾತ್ರ ಅಜ್ಜಾರ ಮೇಲೆ.

ಮೂರನೆಯ ಸಲವೋ ನಾಲ್ಕನೆಯದೋ, ತನ್ವಿ ಚಟ್ನಿಯನ್ನು ನೀರಿನಲ್ಲಿ ಹಿಡಿದು ಹಿಡಿದು ಕೈ ಸೋತು ಕೂತಿದ್ದಳು. ಆ ನೀರು ಇದ್ದದ್ದು ಇಡ್ಲಿ ಹಿಟ್ಟು ಕಲಸುವ ಅಗಲ ಪಾತ್ರೆಯಲ್ಲಿ. ಆ ಹೊತ್ತಿಗೆ ನನ್ನ ಹೆಂಡತಿ ಅದನ್ನೂ ಸಹಿಸಿಕೊಳ್ಳುವ ಹಂತ ಮುಟ್ಟಿದ್ದಳು. ಆಗ ತನ್ವಿ, ತಲೆ ಬಗ್ಗಿಸಿಕೊಂಡೇ, ಇಂಗ್ಲಿಷಿನಲ್ಲಿ ಹೇಳಿದಳು: ಬಾಯಿ ತೆಗೆಯುವ ವಿಷಯ ನಾನು ನಿಮಗೆ ಹೇಳಲೇ ಇಲ್ಲ, ಹೇಳಬೇಕಾಗಿತ್ತು.

"ನೀ ಹೇಳಲಿಲ್ಲ, ನಾ ಕೇಳಲಿಲ್ಲ" ಎಂದರು ಆಪಾ. "ನಂದು ದೊಡ್ಡದು. ನಾ ನರ್ಸ್ ಇದ್ದೆ, ಕೇಳಬೇಕಿತ್ತು. ಈಗ ಎದಿ ಕೆಳಗ ಅಂಗೈ ಕೊಡು. ಹಂಗ. ಬೆರಳು ಅಗಲ ಮಾಡು. ಅವರ ಭಾರ ಅವರಿಗೆ ಗೊತ್ತಾಗಬಾರದು."

ಆಮೇಲೆ ಅವರು ತಮ್ಮ ಎರಡೂ ಕೈಗಳನ್ನು ಚಹಾ ಕಪ್ಪಿನ ಸುತ್ತ ಹಿಡಿದು ಬೆಚ್ಚಗೆ ಮಾಡಿಕೊಂಡರು. ರೋಗಿಯನ್ನು ಮುಟ್ಟುವ ಮುಂಚೆ ಹಾಗೆ ಮಾಡುವುದು ಅವರ ರೂಢಿ. ತನ್ವಿಯ ಕಡೆ ನೋಡಿದರು. ಅವಳು ಸರಿದು ಜಾಗ ಕೊಟ್ಟಳು. ಆಪಾ ಬೆರಳ ತುದಿಯಿಂದ ಅಜ್ಜಾರ ಹೊಟ್ಟೆಯನ್ನು ಮೇಲಿನಿಂದ ಕೆಳಕ್ಕೆ ಮೆಲ್ಲಗೆ ನೇವರಿಸುತ್ತ, "ಅಜ್ಜಾರ, ಮಾಡ್ರಿ, ನಾಚಗೋಬ್ಯಾಡ್ರಿ, ಇಲ್ಲೆ ಎಲ್ಲಾರೂ ಮನಿ ಮಂದಿ" ಎಂದು ಮಾತಾಡತೊಡಗಿದರು. ಬಹಳ ಹೊತ್ತಿನ ಮೇಲೆ ಇಡ್ಲಿ ಪಾತ್ರೆಯಲ್ಲಿ ಆಗಬೇಕಾದದ್ದು ಆಯಿತು.

"ಅಲ್‌ಹಮ್ದುಲಿಲ್ಲಾ" ಎಂದರು ಆಪಾ. "ಪಾತ್ರೆ ಇನ್ನು ನಿಮ್ಮ ಮನೇಲೇ ಇರಲಿ ಆಪಾ" ಎಂದಳು ನನ್ನ ಹೆಂಡತಿ. ತನ್ವಿ ಅಳುತ್ತಾ ನಗುತ್ತಾ ಆಪಾನನ್ನು ತಬ್ಬಿಕೊಂಡಳು, ಒದ್ದೆ ಕೈಯಲ್ಲೇ. ಸಂಜೆ ಆಪಾ, ಮನೆಯಲ್ಲಿ ಮಗು ಹುಟ್ಟಿದವರ ಹಾಗೆ, ಡೈರಿಯ ಮುದುಕನವರೆಗೂ ಸಕ್ಕರೆ ಹಂಚಿ ಬಂದರು. ಯಾವುದಕ್ಕೆ ಎಂದು ಅವನಿಗೆ ಹೇಳಿದರೋ ಇಲ್ಲವೋ ಗೊತ್ತಿಲ್ಲ.

ಅಲ್ಲಿಂದ ಮುಂದೆ ಅಜ್ಜಾರ ಆರೈಕೆ ಇಬ್ಬರದೂ ಆಯಿತು. ಆಪಾ ಹೊಸದಾಗಿ ಕೆಲಸಕ್ಕೆ ಸೇರಿದವರಂತೆ ಡಾಕ್ಟರನ್ನು ಕೇಳಿ ಕೇಳಿ ಕಲಿತರು. ವಯಸ್ಸಾದ ಮೇಲೆ ಮಿಡತೆ ಕಡಿಮೆ, ಸೊಪ್ಪು ಹೆಚ್ಚು. ಪಾಲಕ್ ಒಳ್ಳೆಯದೆಂದು ನನ್ನ ಹೆಂಡತಿ ದಿನಾ ಕೊಡುತ್ತಿದ್ದಳು. ಅದು ಕ್ಯಾಲ್ಸಿಯಂ ಮೈಗೆ ಹತ್ತದಂತೆ ಮಾಡುತ್ತದೆ ಎಂದು ತಿಳಿದು ಅದನ್ನು ನಿಲ್ಲಿಸಿದರು. ಕುಂಬಳಕಾಯಿಯನ್ನು ತುರಿದು, ಮೇಲೆ ಕ್ಯಾಲ್ಸಿಯಂ ಪುಡಿಯನ್ನು ಚಿಟಿಕೆಯಲ್ಲಿ ಉದುರಿಸುತ್ತಿದ್ದರು. ಏರಲಾಗದ ಕೊಂಬೆ ತೆಗೆದು ಚಪ್ಪಟೆ ಕಲ್ಲು ಇಟ್ಟರು. "ಮುದುಕರು ಬಿದ್ದ ಮ್ಯಾಲ ಎತ್ತೂದಕ್ಕಿಂತ ಬೀಳಲಾರದಂಗ ನೋಡೂದು ಸಸಾರ" ಎಂದರು. ಬಿಸಿಲಿನ ಟ್ಯೂಬು ಬೆಳಕು ಕೊಡುತ್ತಿದ್ದರೂ ಒಳಗಿನ ಸತ್ವ ಹೋಗಿರುತ್ತದೆ ಎಂದು ಕೇಳಿ ಬಂದು, ಉರಿಯುತ್ತಿದ್ದ ಟ್ಯೂಬನ್ನು ಬದಲಿಸುವಂತೆ ನನ್ನ ಬೆನ್ನು ಹತ್ತಿದರು.

ಹುಲ್ಲಿನ ನಡುವೆ ಹಳದಿ ಹೂ ಬಿಡುವ ಡ್ಯಾಂಡೆಲಯನ್ ಸೊಪ್ಪು ಅಜ್ಜಾರಿಗೆ ಇಷ್ಟ. ಎದುರಿನ ಪಾರ್ಕಿನಲ್ಲಿ ಆಪಾ ಕೂತು ಅದನ್ನು ಚಿವುಟುತ್ತಿದ್ದರು. ಒಮ್ಮೆ ನಾಯಿ ಓಡಾಡಿಸುತ್ತಿದ್ದವನೊಬ್ಬ ಏನು ಹುಡುಕುತ್ತಿದ್ದೀರಿ ಎಂದು ಕೇಳಿದ. ನನ್ನ ಪೇಷಂಟಿಗೆ ಸೊಪ್ಪು, ಇಲ್ಲಿ ಔಷಧ ಹೊಡೆಯುತ್ತಾರೋ ಎಂದು ಅವನನ್ನೇ ಕೇಳಿದರು. ಹೊಡೆಯುತ್ತಾರೆ ಎಂದ. ಅಂದಿನಿಂದ ಅವನ ಮನೆಯ ಹಿತ್ತಲಿನ ಸೊಪ್ಪು ನಮ್ಮ ಬಾಗಿಲಿಗೆ ಬರತೊಡಗಿತು.

ಉಣ್ಣಿಸುವಾಗ ಆಪಾ ಯಾವತ್ತೂ ನಿಂತಿರಲಿಲ್ಲ. ಉಣ್ಣುವವರ ಕಣ್ಣಿಗೆ ಸಮನಾಗಿ ಕೂರುತ್ತಿದ್ದರು. ಅಜ್ಜಾರಿಗೆಂದು ಅವರು ಮೊಣಕೈ ಊರಿ ಮಲಗುವುದೇ ಆಗುತ್ತಿತ್ತು. ಬೆರಳ ತುದಿಯಲ್ಲಿ ಎಲೆ ಹಿಡಿದು, "ಅಜ್ಜಾರ, ಉಣ್ರಿ" ಎಂದು ಸುಮ್ಮನಾಗುತ್ತಿದ್ದರು. ಅಜ್ಜಾರು ಮುಖ ತಿರುಗಿಸಿದರೆ ಎಲೆಯನ್ನು ಅವರ ಹಿಂದೆ ಒಯ್ಯುತ್ತಿರಲಿಲ್ಲ.

"ಮುದುಕರು ಬ್ಯಾಡ ಅಂದದ್ದು ಊಟಕ್ಕಲ್ಲ, ನಮ್ಮ ಅವಸರಕ್ಕವ್ವಾ. ತಡಿ, ಉಣ್ತಾರ."

ತನ್ವಿ ಪಕ್ಕದಲ್ಲಿ ಹಾಗೆಯೇ ಮಲಗಿ ನೋಡುತ್ತಿದ್ದಳು. ಒಂದು ದಿನ ನಾನು ಅಂಗಡಿಯಿಂದ ಬಂದು ಬೂಟು ಬಿಚ್ಚುತ್ತಿದ್ದೆ. ಒಳಗಿನಿಂದ "ಅಜ್ಜಾರ, ಏಳ್ರಿ, ಉಣ್ರಿ" ಎಂಬ ದನಿ ಕೇಳಿತು. ಆಪಾ ಬಂದಿದ್ದಾರೆ ಎಂದುಕೊಂಡೆ. ಇಣುಕಿದರೆ ತನ್ವಿ ಒಬ್ಬಳೇ. ಬೂಟು ಕೈಯಲ್ಲೇ ಹಿಡಿದು ನಿಂತೆ. ಅವಳಿಗೆ ನಾನು ಕಂಡರೆ ಮಾತು ನಿಂತುಬಿಡುತ್ತದೆ ಎಂಬ ಹೆದರಿಕೆಗೆ ಉಸಿರು ಕೂಡ ಜೋರಾಗಿ ಬಿಡಲಿಲ್ಲ. ಯಾರೂ ಕೇಳುತ್ತಿಲ್ಲ, ಯಾರೂ ತಿದ್ದುವುದಿಲ್ಲ, ಉತ್ತರ ಕೊಡದ ಒಂದು ಮುದಿ ಜೀವ ಎದುರಿಗಿದೆ ಎಂದಾಗ ಅವಳ ಬಾಯಿಗೆ ಕನ್ನಡ ಬಂದಿತ್ತು. ನಾವು ವರ್ಷಗಟ್ಟಲೆ ಅವಸರ ಮಾಡಿದ್ದೆವು. ಆಪಾ ಎಲೆ ಹಿಡಿದು ಕಾದಿದ್ದರು. ಅವರ ಋಣ ನನ್ನ ಮೇಲಿದೆ ಎಂದು ನಾನು ಹೇಳುವುದು ಇದನ್ನೇ.

ಎರಡು ಚಳಿಗಾಲ ಹೀಗೆ ಕಳೆದವು. ಆಮೇಲೆ ಆಪಾನ ಹೊಟ್ಟೆಯಲ್ಲಿ ಗಡ್ಡೆ ಕಂಡಿತು, ಕಂಡಾಗಲೇ ತಡವಾಗಿತ್ತು. ಮನೆಯಲ್ಲಿ ಇರುವಷ್ಟು ದಿನ ಇದ್ದು, ಕೊನೆಗೆ ಸಾವು ಹತ್ತಿರವಾದವರನ್ನು ನೋಡಿಕೊಳ್ಳುವ ಹಾಸ್ಪಿಸ್‌ಗೆ ಹೋದರು. ಹೋಗುವ ಮುಂಚೆ ಬೇಲಿಯ ಸಂದಿಯಲ್ಲೇ ಬಂದು, ಅಜ್ಜಾರ ಎದುರು ಕೂತು, ಕೈ ಎತ್ತಿ ಸಲಾಂ ಹೇಳಿದರು. ಅಜ್ಜಾರು ನಿದ್ದೆಯಲ್ಲಿದ್ದರು. ನಾವು ನೋಡಲು ಹೋದಾಗಲೆಲ್ಲ ಅವರ ಮೊದಲ ಮಾತು ಒಂದೇ: "ಅಜ್ಜಾರು ಉಂಡ್ರೇನು?"

ಅಜ್ಜಾರೂ ಹೆಚ್ಚು ದಿನ ಇರಲಿಲ್ಲ. ಒಂದು ಮಧ್ಯಾಹ್ನ, ತನ್ವಿ ಪಕ್ಕದಲ್ಲೇ ಓದುತ್ತ ಕೂತಿದ್ದಾಗ, ಕಲ್ಲಿನ ಮೇಲಿಂದ ಏಳಲಿಲ್ಲ. ನಿಂಬೆ ಗಿಡದ ಕೆಳಗೆ ಮಣ್ಣು ಮಾಡಿದೆವು.

ಮರುದಿನ ಹಾಸ್ಪಿಸ್‌ಗೆ ಹೋಗುವಾಗ ಕಾರಿನಲ್ಲಿ ನಾನು ಹೇಳಿದೆ: "ಅವರಿಗೆ ಹೇಳೋದು ಬೇಡ ಕಣಮ್ಮ. ಕೇಳಿದ್ರೆ ಹೂಂ, ತಿಂತು ಅಂದ್ಬಿಡು." ತನ್ವಿ ಕಿಟಕಿಯಾಚೆ ನೋಡುತ್ತಿದ್ದಳು.

ಆಪಾ ದಿಂಬಿಗೆ ಒರಗಿದ್ದರು. ಹಾಸಿಗೆಯಲ್ಲಿ ಅವರು ಇನ್ನೂ ಗಿಡ್ಡವಾಗಿ ಕಂಡರು. ತಟ್ಟೆಯ ಗಂಜಿ ಮುಟ್ಟಿರಲಿಲ್ಲ, ಬೆಳಿಗ್ಗೆಯಿಂದ ಏನೂ ಬೇಡ ಅನ್ನುತ್ತಿದ್ದಾರೆ ಎಂದು ಅವರ ಮಗಳು ಹೇಳಿ, ಫೋನ್ ಬಂತೆಂದು ಹೊರಗೆ ಹೋದಳು. ತನ್ವಿ ಕುರ್ಚಿ ಬಿಟ್ಟು, ಕಾಲ್ಮಣೆಯಷ್ಟು ತಗ್ಗಿನ ಒಂದು ಸ್ಟೂಲ್ ಎಳೆದುಕೊಂಡು, ಅವರ ಕಣ್ಣಿಗೆ ಸಮನಾಗಿ ಕೂತಳು.

"ಅಜ್ಜಾರು ಉಂಡ್ರೇನವ್ವಾ?"

ನಾನು ತನ್ವಿಯನ್ನು ನೋಡಿದೆ. ಅವಳು ನನ್ನನ್ನು ನೋಡಲಿಲ್ಲ.

"ಇಲ್ರಿ ಆಪಾ. ಅಜ್ಜಾರು ಹೋದ್ರು. ನಿನ್ನೆ."

ಆಪಾ ಕಣ್ಣು ಮುಚ್ಚಿದರು. ನಾನು ಕಿಟಕಿಯ ಕಡೆ ತಿರುಗಿದೆ. ಬೆನ್ನ ಹಿಂದೆ ಅವರ ದನಿ ಕೇಳಿತು.

"ಬೆಚ್ಚಗಿದ್ರೇನು?"

"ಹೂಂನ್ರಿ. ಲೈಟ್ ಹಚ್ಚಿತ್ತು. ಕಲ್ಲಿನ ಮ್ಯಾಲ ಇದ್ರು. ಬಾಯಿ ತಗದಿದ್ರು."

ಆಪಾನ ಮುಖದಲ್ಲಿ ನಗು ಬಂತು. ನಗಲು ಅವರಿಗೆ ಕಷ್ಟವಾಗುತ್ತಿತ್ತು, ಆದರೂ ನಕ್ಕರು. "ಬಾಯಿ ತಗದಿದ್ರ ಆರಾಮ ಇದ್ರು ಬಿಡು" ಎಂದರು.

ತನ್ವಿ ಗಂಜಿಯ ಬಟ್ಟಲನ್ನು ಎರಡೂ ಕೈಗಳಲ್ಲಿ ಹಿಡಿದು ಅಂಗೈ ಬೆಚ್ಚಗಾಗುವವರೆಗೂ ಕಾದಳು. ಆಮೇಲೆ ಚಮಚದಲ್ಲಿ ಸ್ವಲ್ಪವೇ ತೆಗೆದು, ಅವರ ತುಟಿಯ ಹತ್ತಿರ ಒಯ್ಯದೆ, ಅವರಿಗೆ ಕಾಣುವಂತೆ ಹಿಡಿದಳು.

"ಈಗ ನೀವು ಬಾಯಿ ತಗೀರಿ, ಆಪಾ."

ಹೊರಗೆ ಯಾರೋ ಗಾಲಿಯ ಮಂಚ ತಳ್ಳಿಕೊಂಡು ಹೋದರು. ತನ್ವಿ ಚಮಚ ಹಿಡಿದು ಹಾಗೆಯೇ ಕೂತಿದ್ದಳು. ಆಪಾ ಬಾಯಿ ತೆಗೆದರು.